ಬರಗಾಲದಲ್ಲಿ ಕಿಲಾರಿ

ವರ್ಷಕ್ಕೆ 500 ಮಿಲಿಮೀಟರಿನಷ್ಟು ಮಳೆಯಾದರೂ ಸುಭಿಕ್ಷವೆಂದೇ ಎಣಿಸುವ ಚಳ್ಳಕೆರೆ, ಮೊಳಕಾಲ್ಮೂರುಗಳ ಸೀಮೆಯಲ್ಲಿ, ಬಿತ್ತಿದ ಶೇಂಗಾ ಹೂವಿನಲ್ಲಿಯೇ ಬಾಡಿ, ಕೊಳವೆಬಾವಿಗಳು ಬತ್ತಿ, ಪ್ರಾಯದವರು ಕೂಲಿಯನ್ನರಸಿ ಬೆಂಗಳೂರಿಗೆ ಹೊರಟುಹೋದ ಮೇಲೆಯೂ, ಪಶುಪಾಲಕರಾದ ಮ್ಯಾಸಬೇಡರ ಹಟ್ಟಿಗಳಲ್ಲಿ ಒಂದು ಕಾರ್ಯವು ನಿಲ್ಲದೆ ನಡೆಯುತ್ತಿರುವುದು: ಉಳುಮೆಗೆ ಹೂಡಬಾರದೆಂಬ ಕಟ್ಟಳೆಯುಳ್ಳ ದೇವರ ಎತ್ತುಗಳನ್ನು ಅವುಗಳ ಪಾಲಕನಾದ ಕಿಲಾರಿಯು ಹುಲ್ಲುನೀರು ಇರುವೆಡೆಗೆ ಹೊಡೆದುಕೊಂಡು ಹೋಗುವನು, ಕುಲಬಾಂಧವರು ತಮ್ಮಲ್ಲಿದ್ದಷ್ಟು ಮೇವನ್ನು ಕೂಡಿಸಿ ಕೊಡುವರು. ತನ್ನ ಹೊಟ್ಟೆಗೇ ಸಾಲದ ಕಾಲದಲ್ಲಿ ಲಾಭವಿಲ್ಲದ ಈ ಹೊರೆಯನ್ನು ಮನುಷ್ಯನು ಏತಕ್ಕೆ ಹೊರುವನು? ಭಕ್ತಿಯೆಂಬ ಉತ್ತರವು ಸತ್ಯವೇ. ಅದರೊಡನೆ ನರವಿಜ್ಞಾನವೂ ಹೇಳಬೇಕಾದ ಮಾತೊಂದಿದೆ.

1967ರಲ್ಲಿ ಅಮೆರಿಕದ ಮಾರ್ಟಿನ್ ಸೆಲಿಗ್ಮನ್, ಸ್ಟೀವನ್ ಮೇಯರ್ ಎಂಬ ಮನೋವಿಜ್ಞಾನಿಗಳು ಎರಡು ಗುಂಪಿನ ನಾಯಿಗಳನ್ನು ಸಮಪ್ರಮಾಣದ ವಿದ್ಯುದಾಘಾತಕ್ಕೆ ಗುರಿಪಡಿಸಿದರು. ಇಂದು ಓದುವಾಗ ಆ ಪ್ರಯೋಗದ ಕ್ರೌರ್ಯವು ಮನಸ್ಸನ್ನು ನೋಯಿಸುತ್ತದೆ. ಒಂದು ಗುಂಪಿಗೆ ತಲೆಯಿಂದ ಫಲಕವನ್ನೊತ್ತಿ ಆಘಾತವನ್ನು ನಿಲ್ಲಿಸುವ ಉಪಾಯವಿತ್ತು, ಇನ್ನೊಂದಕ್ಕೆ ಇರಲಿಲ್ಲ. ಮುಂದೆ ತಗ್ಗಾದ ತಡೆಯೊಂದನ್ನು ಹಾರಿದರೆ ಪಾರಾಗಬಹುದಾಗಿದ್ದಾಗ ಮೊದಲನೆಯವು ಹಾರಿದವು. ಎರಡನೆಯವುಗಳಲ್ಲಿ ಬಹುಪಾಲು ನರಳುತ್ತ ಮಲಗಿಬಿಟ್ಟವು. ಅಸಹಾಯಕತೆಯು ಕಲಿತು ಬಂದದ್ದೆಂದು ಅವರು ಆಗ ನಿರ್ಣಯಿಸಿದರು. ಅರ್ಧ ಶತಮಾನದ ಸಂಶೋಧನೆಯ ತರುವಾಯ, 2016ರಲ್ಲಿ, ಅದೇ ಇಬ್ಬರು ಆ ನಿರ್ಣಯವನ್ನು ತಿರುವುಮುರುವು ಮಾಡಿದರು. ದೀರ್ಘ ಸಂಕಟದಲ್ಲಿ ಮಿದುಳಕಾಂಡದ ಡಾರ್ಸಲ್ ರಾಫೆ ಎಂಬ ನರಕೋಶಪುಂಜವು ಕೆರಳಿ, ಸೆರೊಟೋನಿನ್ನನ್ನು ಸೂಸಿ, ಪ್ರಾಣಿಯನ್ನು ನಿಶ್ಚೇಷ್ಟಗೊಳಿಸುವುದು ಹುಟ್ಟುಗುಣ. ಕಲಿಯಬೇಕಾದುದು ಅದಕ್ಕೆ ವಿರುದ್ಧವಾದುದು. ತನ್ನ ಯತ್ನದಿಂದ ಏನೋ ಒಂದು ಬದಲಾಗುತ್ತಿದೆಯೆಂಬುದನ್ನು ಹಣೆಯ ಹಿಂದಣ ಮಿದುಳಭಾಗವು ಗ್ರಹಿಸಿದಾಗ ಅದು ಆ ಪುಂಜವನ್ನು ಅಂಕೆಯಲ್ಲಿರಿಸುತ್ತದೆ. ಒಮ್ಮೆ ಕಲಿತ ಈ ನಿಗ್ರಹವು ಮುಂದೊದಗುವ ಸಂಕಟಗಳಲ್ಲಿಯೂ ಕೈಹಿಡಿಯುತ್ತದೆ.

ಮುಗಿಲಿನ ಮೇಲೆ ಕಿಲಾರಿಗೆ ಅಧಿಕಾರವಿಲ್ಲ. ಆದರೆ ಈ ಸಂಜೆ ಈ ಕರುವಿಗೆ ನೀರು ದೊರೆಯುವುದೋ ಇಲ್ಲವೋ ಎಂಬುದು ಅವನ ಕಾಲ್ನಡಿಗೆಯನ್ನು ಅವಲಂಬಿಸಿದೆ. ಬಾಳಿನ ಅರ್ಥವೆಂಬುದು ಬಹುಮಟ್ಟಿಗೆ ಇಂಥ ಕಾರ್ಯದಿಂದಲೇ ಒದಗುತ್ತದೆಂದು ನಾನು ನಂಬುತ್ತೇನೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿರುವ, 1892ರಲ್ಲಿ ಬಿ. ಎಲ್. ರೈಸ್ ಅವರು ಬೆಳಕಿಗೆ ತಂದ ಅಶೋಕನ ಶಾಸನವೂ ದೊಡ್ಡವರಿಗಷ್ಟೇ ಅಲ್ಲದೆ ಅಲ್ಪರಿಗೂ ಶ್ರಮದಿಂದ ಸ್ವರ್ಗವು ಸಾಧ್ಯವೆಂದು ಸಾರುತ್ತದೆ.

ಆದರೆ ನಾಜಿಗಳ ಸೆರೆಶಿಬಿರಗಳಲ್ಲಿ ನೊಂದು ಬದುಕಿ ಬಂದ ವಿಯೆನ್ನಾದ ವೈದ್ಯ ವಿಕ್ಟರ್ ಫ್ರಾಂಕ್ಲ್ ಅವರು, ನಿವಾರಿಸಬಹುದಾದ ದುಃಖವನ್ನು ಮೊದಲು ನಿವಾರಿಸಬೇಕೆಂದು ಒತ್ತಿ ಹೇಳಿದ್ದನ್ನು ಮರೆಯಲಾಗದು. ಈ ಸೀಮೆಯ ದುಃಖದಲ್ಲಿಯೂ ನಿವಾರಿಸಬಹುದಾದ ಪಾಲೊಂದಿದೆ: 2007ರ ನಂತರದ ವರ್ಷಗಳಲ್ಲಿ ಚಳ್ಳಕೆರೆಯ ಅಮೃತಮಹಲ್ ಕಾವಲೆಂಬ ಹುಲ್ಲುಗಾವಲಿನ ಸುಮಾರು 10,000 ಎಕರೆ ನೆಲವು ವಿಜ್ಞಾನ, ರಕ್ಷಣಾ ಸಂಸ್ಥೆಗಳಿಗೂ ಇತರ ಯೋಜನೆಗಳಿಗೂ ಹಂಚಿಕೆಯಾಗಿ, ದನಕುರಿಗಳ ದಾರಿಗೆ ಅಡ್ಡಗೋಡೆಗಳೆದ್ದವು. ಗೋಶಾಲೆಯನ್ನು ತೆರೆದು ಮೇವು ಹಂಚುವುದು ಅವಶ್ಯವೇ. ಆದರೆ ಉಳಿದ ಕಾವಲಿನಲ್ಲಿ ಎಲ್ಲಿ, ಯಾವಾಗ, ಎಷ್ಟು ಮೇಯಿಸಬೇಕೆಂಬ ತೀರ್ಮಾನವು ಹಟ್ಟಿಯವರ ಕೈಯಲ್ಲಿಯೇ ಇರಬೇಕು.