ಜ್ವರದ ಬಾಯಿ, ಬ್ರೆಡ್ಡಿನ ಪರಿಮಳ

ಜ್ವರ ಬಂದಾಗ "ಬಾಯಿ ಕೆಟ್ಟಿದೆ" ಅಂತೀವಿ. ಊಟ ಸೇರಲ್ಲ, ತಿಳಿಸಾರು ಕೂಡ ಸಪ್ಪೆ. ಇವತ್ತಿನ ಸಂಚಿಕೆಯಲ್ಲಿ ಎರಡು ಪ್ರಶ್ನೆ. ನಿಜವಾಗಿ ಕೆಟ್ಟಿರೋದು ಬಾಯಿಯಾ? ತಿನ್ನೋಕೇ ಮನಸ್ಸಿಲ್ಲದ ದಿನಗಳಲ್ಲಿ ಅಡುಗೆ ಮಾಡಿದ್ರೆ ಯಾಕೆ ಸಮಾಧಾನ ಸಿಗುತ್ತೆ?

ಮೊದಲು ಹಸಿವಿನ ವಿಷಯ. ಸೋಂಕು ತಗುಲಿದಾಗ ನಮ್ಮ ರೋಗನಿರೋಧಕ ಕೋಶಗಳು ಇಂಟರ್‌ಲ್ಯೂಕಿನ್-1, ಟಿಎನ್ಎಫ್ ಮೊದಲಾದ ಪ್ರೋಟೀನುಗಳನ್ನು ಬಿಡುಗಡೆ ಮಾಡುತ್ತವೆ. ಇವುಗಳ ಸಂದೇಶ ಮೆದುಳಿನ ಹೈಪೊಥಲಾಮಸ್ ಭಾಗಕ್ಕೆ ತಲುಪಿದಾಗ ಹಸಿವು ತಗ್ಗುತ್ತದೆ, ಮೈ ಭಾರವಾಗುತ್ತದೆ, ಮಲಗೋಣ ಅನ್ನಿಸುತ್ತದೆ. ಅಂದ್ರೆ ಊಟ ಬೇಡ ಅನ್ನುತ್ತಿರುವುದು ನಾಲಿಗೆಯಲ್ಲ, ಮೆದುಳು.

ಇನ್ನು ರುಚಿ. ನಾಲಿಗೆಗೆ ಮುಖ್ಯವಾಗಿ ಗೊತ್ತಾಗೋದು ಸಿಹಿ, ಹುಳಿ, ಉಪ್ಪು, ಕಹಿ ಮತ್ತು ಉಮಾಮಿ, ಇಷ್ಟೇ. ಇಂಗಿನ ಒಗ್ಗರಣೆ, ಕೊತ್ತಂಬರಿ, ಕಾಯಿಸಿದ ತುಪ್ಪ, ಇವೆಲ್ಲ ವಾಸನೆಯ ಲೆಕ್ಕ. ಅಗಿಯುವಾಗ ಆಹಾರದ ಪರಿಮಳ ಗಂಟಲಿನ ಹಿಂಭಾಗದಿಂದ ಮೂಗಿಗೆ ಏರುತ್ತದೆ. ಮೂಗು ಕಟ್ಟಿದರೆ ಆ ದಾರಿ ಬಂದ್. ಹಾಗಾಗಿ "ಬಾಯಿ ಕೆಟ್ಟಿದೆ" ಅನ್ನುವಾಗ ಬಹಳ ಸಲ ಕೆಟ್ಟಿರೋದು ಮೂಗು.

ನಾವಿರುವುದು ಜರ್ಮನಿಯಲ್ಲಿ. ಕಳೆದ ಚಳಿಗಾಲದಲ್ಲಿ ವೈರಲ್ ಜ್ವರ ಬಿಟ್ಟ ಮೇಲೂ ನಮಗೆ ಮೂರು ವಾರ ವಾಸನೆ ತಿರುಗಿ ಬರಲಿಲ್ಲ. ಹಾಲು ಒಡೆದಿದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾ ಬೆಳೆದ ಫ್ಲಾಸ್ಕಿನ ನಾತವೂ ಇಲ್ಲ. ಇದು ಹೀಗೇ ಉಳಿದುಬಿಟ್ರೆ ಅನ್ನೋ ಭಯ ರಾತ್ರಿ ಹೊತ್ತು ಜಾಸ್ತಿ. ಗಂಜಿ, ನಿಂಬೆ ಉಪ್ಪಿನಕಾಯಿಯಲ್ಲಿ ದಿನ ತಳ್ಳುತ್ತಾ, ಮನೆಯಲ್ಲೇ ಬ್ರೆಡ್ ಮಾಡೋಕೆ ಶುರು ಮಾಡಿದ್ವಿ.

ನಾವು ಆರಿಸಿಕೊಂಡದ್ದು ನಾದದೇ ಮಾಡುವ ಬ್ರೆಡ್. ನ್ಯೂಯಾರ್ಕಿನ ಬೇಕರ್ ಜಿಮ್ ಲೇಹಿ ಅವರ ವಿಧಾನ ಇದು, 2006ರಲ್ಲಿ ಪತ್ರಿಕೆಯಲ್ಲಿ ಬಂದು ಜನಪ್ರಿಯವಾಯಿತು. 400 ಗ್ರಾಂ ಹಿಟ್ಟು, 300 ಗ್ರಾಂ ನೀರು, 8 ಗ್ರಾಂ ಉಪ್ಪು, 1 ಗ್ರಾಂ ಒಣ ಯೀಸ್ಟ್. ಚಮಚದಲ್ಲಿ ಕಲಸಿ, ಮುಚ್ಚಿ, 12ರಿಂದ 18 ಗಂಟೆ ಬಿಟ್ಟುಬಿಡಿ. ಗೋಧಿಯ ಗ್ಲುಟೆನಿನ್ ಮತ್ತು ಗ್ಲಯಾಡಿನ್ ಪ್ರೋಟೀನುಗಳು ನೀರು ಹೀರಿ ತಾವೇ ಒಂದಕ್ಕೊಂದು ಹೆಣೆದುಕೊಂಡು ಗ್ಲುಟೆನ್ ಆಗುತ್ತವೆ. ಯೀಸ್ಟ್ ಬಿಡುವ ಅನಿಲದ ಗುಳ್ಳೆಗಳು ಆ ಬಲೆಯನ್ನು ಎಳೆದು ಹಿಗ್ಗಿಸುತ್ತವೆ. ತೋಳಿನಲ್ಲಿ ಬಲವಿಲ್ಲದವರು ಮಾಡಬೇಕಾದ ಕೆಲಸವನ್ನು ಸಮಯವೇ ಮಾಡಿಕೊಡುತ್ತದೆ. ನಾವು ಮಲಗಿದ್ದಾಗಲೂ ಅಡುಗೆಮನೆಯಲ್ಲಿ ಏನೋ ಒಂದು ಉಬ್ಬುತ್ತಿದೆ, ಬೆಳಿಗ್ಗೆ ಎದ್ದು ನೋಡೋಕೆ ಒಂದು ಕಾರಣ ಇದೆ ಅನ್ನೋದೇ ಆಗ ದೊಡ್ಡ ಸಮಾಧಾನ. ಇಡ್ಲಿ ಹಿಟ್ಟು ರುಬ್ಬಿಟ್ಟು ಮಲಗುವವರಿಗೆ ಇದು ಹೊಸದೇನಲ್ಲ ಬಿಡಿ.

ಮರುದಿನ ಉಂಡೆ ಕಟ್ಟಿ ಮತ್ತೆರಡು ಗಂಟೆ ಉಬ್ಬಲು ಬಿಡಬೇಕು. ಆಮೇಲೆ 230 ಡಿಗ್ರಿಯಲ್ಲಿ ಚೆನ್ನಾಗಿ ಕಾದ, ಮುಚ್ಚಳವಿರುವ ಕಬ್ಬಿಣದ ಪಾತ್ರೆಯಲ್ಲಿ ಅರ್ಧ ಗಂಟೆ ಬೇಯಿಸಿ, ಮುಚ್ಚಳ ತೆಗೆದು ಇನ್ನೊಂದು ಕಾಲು ಗಂಟೆ. ಹೊರಪದರ ಕಂದಾಗುವುದು ಮೇಲಾರ್ಡ್ ಕ್ರಿಯೆಯಿಂದ, ಅಂದ್ರೆ ಬಿಸಿಗೆ ಅಮೈನೋ ಆಮ್ಲ ಮತ್ತು ಸಕ್ಕರೆ ಸೇರಿ ನಡೆಸುವ ರಸಾಯನ ಕ್ರಿಯೆ. ಆಗ ಹುಟ್ಟುವ ಪರಿಮಳಗಳಲ್ಲಿ 2-ಅಸಿಟೈಲ್-1-ಪೈರೋಲೀನ್ ಮುಖ್ಯವಾದದ್ದು. ಬಾಸ್ಮತಿ ಅಕ್ಕಿಯ ಘಮವೂ ಇದೇ ಅಣುವಿನದು! ಅಕ್ಕಿಯಲ್ಲಿ ಅದು ಗಿಡ ಬೆಳೆಯುವಾಗಲೇ ಉಂಟಾಗುತ್ತದೆ, ಬ್ರೆಡ್ಡಿನಲ್ಲಿ ಒಲೆಯ ಶಾಖದಿಂದ. ಜರ್ಮನ್ನರ ಬ್ರೆಡ್ ಅಂಗಡಿ, ನಮ್ಮ ಹಬ್ಬದ ದಿನದ ಪಲಾವ್, ಎರಡೂ ಮೂಗಿಗೆ ಒಂದೇ ಗುರುತು ಹೇಳುತ್ತವೆ.

ನಾಲ್ಕನೇ ವಾರ ಒಂದು ಸಂಜೆ, ಒಲೆಯ ಬಾಗಿಲು ತೆಗೆದಾಗ ಸಣ್ಣಗೆ ಏನೋ ಬಂತು. ಹುರಿದ ವಾಸನೆಯ ಹಾಗೆ. ಅರೆಕ್ಷಣ ಇದ್ದು ಹೋಯ್ತು, ಮಾರನೇ ದಿನ ಮತ್ತೆ ಬಂತು. ಬ್ರೆಡ್ ವಾಸಿ ಮಾಡಿತು ಅಂತ ನಾವು ಹೇಳ್ತಿಲ್ಲ. ಮೂಗಿನ ಘ್ರಾಣಕೋಶಗಳು ದೊಡ್ಡವರಲ್ಲೂ ಹೊಸದಾಗಿ ಹುಟ್ಟಬಲ್ಲವು, ಅದಕ್ಕೆ ಕಾಲ ಬೇಕು. ಆ ಕಾಲವನ್ನು ಕಳೆಯೋಕೆ ಬ್ರೆಡ್ ಜೊತೆಯಾಯಿತು, ಅಷ್ಟೇ.

ಪರೀಕ್ಷಿಸಿ ನೋಡಿದ ವಿಧಾನ ಬೇಕು ಅಂದ್ರೆ ಘ್ರಾಣ ತರಬೇತಿ ಇದೆ. ಡ್ರೆಸ್ಡೆನ್ನಿನ ಥಾಮಸ್ ಹುಮ್ಮೆಲ್ ತಂಡ 2009ರಲ್ಲಿ ಪ್ರಕಟಿಸಿದ್ದು. ಗುಲಾಬಿ, ನಿಂಬೆ, ಲವಂಗ, ನೀಲಗಿರಿ ಎಣ್ಣೆ, ಈ ನಾಲ್ಕು ವಾಸನೆಗಳನ್ನು ದಿನಕ್ಕೆ ಎರಡು ಸಲ, 12 ವಾರ ಮೂಸುವುದು. ಎಲ್ಲರಿಗೂ ಅಲ್ಲದಿದ್ದರೂ ಹಲವರಿಗೆ ಇದರಿಂದ ಸುಧಾರಣೆ ಕಂಡಿತ್ತು.

ಕೊನೆಗೆ ಒಂದೆರಡು ಎಚ್ಚರಿಕೆ. ವಾಸನೆ ಹೋಗಿದ್ದಾಗ ಗ್ಯಾಸ್, ಹಳಸಿದ ಊಟ ಮೂಗಿಗೆ ತಿಳಿಯಲ್ಲ, ಆದ್ದರಿಂದ ಡಬ್ಬಿಯ ಮೇಲೆ ತಾರೀಕು ಬರೆದಿಡಿ. ವಾಂತಿ-ಭೇದಿ ಇದ್ದಾಗ ಬೇರೆಯವರಿಗೆ ಅಡುಗೆ ಮಾಡಬೇಡಿ. ವಾರಗಳು ಕಳೆದರೂ ವಾಸನೆ ಬರದಿದ್ದರೆ ವೈದ್ಯರಿಗೆ ತೋರಿಸಿ. ಊರಿಂದ ದೂರ ಒಬ್ಬರೇ ಮಲಗಿರೋ ಗೆಳೆಯರು ಇದ್ರೆ, ಅವರ ಮನೆ ಬಾಗಿಲಿಗೆ ಒಂದು ಡಬ್ಬಿ ಬಿಸಿ ಗಂಜಿ ತಲುಪಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.