ಹಳೆಯ ಭಾವಚಿತ್ರವೂ ಮನೆತನದ ಅಂತಸ್ತೂ

ನಮ್ಮ ಹಳ್ಳಿಯ ಮನೆಯ ನಡುಮನೆಯಲ್ಲಿ, ದೇವರ ಪಟಗಳ ಸಾಲಿನ ಕೊನೆಗೆ, ಗೋಡೆಯಿಂದ ತುಸು ಮುಂದಕ್ಕೆ ಬಾಗಿದಂತೆ ತೂಗುತ್ತಿದ್ದ ಮುತ್ತಜ್ಜನ ಭಾವಚಿತ್ರವೊಂದಿತ್ತು. ಜರಿಯಂಚಿನ ರುಮಾಲು, ಕ್ಲೋಸ್‌ಕಾಲರ್ ಕೋಟು, ಎದೆಯ ಮೇಲೆ ಇಳಿಬಿದ್ದ ಗಡಿಯಾರದ ಸರಪಣಿ, ಬಲಗೈಯ ಕೆಳಗೊಂದು ದಪ್ಪ ಪುಸ್ತಕ, ಇವನ್ನು ಕಂಡವರೆಲ್ಲ ಆತನನ್ನು ಯಾರೋ ಅಮಲ್ದಾರರೆಂದೇ ಭಾವಿಸುತ್ತಿದ್ದರು. ಮೂರೆಕರೆ ಖುಷ್ಕಿ ಜಮೀನಿನ ಆ ರೈತನಿಗೆ ಅಕ್ಷರವೇ ಬಾರದೆಂದೂ, ಕೋಟು ಸರಪಣಿ ಪುಸ್ತಕಗಳೆಲ್ಲವೂ ಸ್ಟುಡಿಯೋದವರವೆಂದೂ ಅಜ್ಜಿ ಹೇಳಿದ ದಿನದಿಂದ ನಾನು ಹಳೆಯ ಚಿತ್ರಗಳನ್ನು ಬೇರೆ ಬಗೆಯಾಗಿ ನೋಡತೊಡಗಿದೆನು.

ಸ್ಟುಡಿಯೋದ ವಸ್ತುಗಳೊಡನೆ ಚಿತ್ರ ತೆಗೆಸಿಕೊಳ್ಳುವ ಈ ಪದ್ಧತಿಗೆ ದೀರ್ಘವಾದ ಪೂರ್ವಚರಿತ್ರೆಯಿದೆ. 1854ರಲ್ಲಿ ಪ್ಯಾರಿಸಿನ ದಿಸ್ದೆರಿ ಎಂಬಾತನು ಒಂದೇ ಗಾಜಿನ ಫಲಕದ ಮೇಲೆ ಹಲವು ಚಿತ್ರಗಳನ್ನು ತೆಗೆದು, ಸುಮಾರು ನಾಲ್ಕಂಗುಲ ಉದ್ದದ ರಟ್ಟುಗಳಿಗೆ ಅಂಟಿಸಿ ಕೊಡುವ ವಿಧಾನಕ್ಕೆ ಪೇಟೆಂಟು ಪಡೆದನು. ಅದುವರೆಗೆ ಧನಿಕರ ಸೊತ್ತಾಗಿದ್ದ ಭಾವಚಿತ್ರವು ಇದರಿಂದ ಸಾಮಾನ್ಯರ ಕೈಗೂ ಎಟುಕಿತು. ಅದರೊಡನೆ ಬಣ್ಣದ ಪರದೆಯ ಮೇಲಿನ ಕಂಬಸಾಲು, ಕೆತ್ತನೆಯ ಕುರ್ಚಿ, ಹೂದಾನಿಗಳೂ ದೇಶದೇಶಗಳ ಸ್ಟುಡಿಯೋಗಳಿಗೆ ಹಬ್ಬಿದವು. ಆದುದರಿಂದ ಚಿತ್ರದಲ್ಲಿರುವ ಮೇಜು ಕುರ್ಚಿಗಳು ಛಾಯಾಗ್ರಾಹಕನ ಆಸ್ತಿಗೆ ಸಾಕ್ಷಿಯೇ ಹೊರತು ನಮ್ಮ ಹಿರಿಯರ ಆಸ್ತಿಗಲ್ಲ.

ಬಣ್ಣವನ್ನೂ ನಂಬುವಂತಿಲ್ಲ. ಹತ್ತೊಂಬತ್ತನೆಯ ಶತಮಾನದ ಗಾಜಿನ ಫಲಕಗಳು ನೀಲಿಯ ಬೆಳಕನ್ನು ಬೇಗ ಗ್ರಹಿಸುತ್ತಿದ್ದವು, ಕೆಂಪನ್ನು ಬಹುಮಟ್ಟಿಗೆ ಗ್ರಹಿಸುತ್ತಲೇ ಇರಲಿಲ್ಲ. ಮದುಮಗಳ ಕೆಂಪು ಧಾರೆ ಸೀರೆ ಕಪ್ಪಾಗಿಯೂ, ತಿಳಿನೀಲಿಯ ಬಟ್ಟೆ ಬಿಳಿಯಾಗಿಯೂ, ಚಿನ್ನದ ಹಳದಿ ಕಂದಿಯೂ ಮೂಡಿದುವು. ಒಡವೆ ಹೊನ್ನೋ ಗಿಲೀಟೋ ಎಂಬುದನ್ನು ಅಂಥ ಚಿತ್ರದಿಂದ ಹೇಳಲಾಗದು. ಹೊನ್ನೇ ಆಗಿದ್ದರೂ ಅದು ಮದುವೆಯ ಹೊತ್ತಿಗೆ ನೆಂಟರಿಂದ ತಂದುದಾಗಿರಬಹುದು.

ಹಾಗಾದರೆ ನಂಬತಕ್ಕುದು ಯಾವುದು? ನನ್ನ ಮಟ್ಟಿಗೆ, ಶರೀರ. ಎರವಲಿನ ಕೋಟಿನ ಭುಜದ ಹೊಲಿಗೆ ತೋಳಿನತ್ತ ಕೆಳಕ್ಕೆ ಜಾರಿರುತ್ತದೆ, ಕೋಟಿನ ತೋಳು ಅಂಗೈಯ ಅರ್ಧವನ್ನು ಮುಚ್ಚಿರುತ್ತದೆ. ನೇಗಿಲ ಮೇಣಿ ಹಿಡಿದ ಬೆರಳುಗಳ ಗೆಣ್ಣು ದಪ್ಪವಾಗಿರುತ್ತದೆ, ಪಾದರಕ್ಷೆ ಕಾಣದ ಪಾದದ ಬೆರಳುಗಳು ಅಗಲವಾಗಿ ಹರಡಿಕೊಂಡಿರುತ್ತವೆ. ಬರಿಗಾಲು ಮಾತ್ರವೇ ಬಡತನದ ಗುರುತಲ್ಲ. ಮಡಿಯ ವೈದಿಕರೂ ಬರಿಗಾಲಿನಲ್ಲಿಯೇ ಕುಳಿತಿದ್ದಾರೆ. ಮುಂದೆ ಕೈಕ್ಯಾಮೆರಾ ಬಂದು, ಮನೆಯಂಗಳದಲ್ಲಿಯೇ ತೆಗೆದ ಚಿತ್ರಗಳಲ್ಲಿ ಹೆಂಚೋ ಹುಲ್ಲೋ, ಗಾರೆಯೋ ಸಗಣಿ ಸಾರಿಸಿದ ನೆಲವೋ ಎಂಬುದು ತಾನಾಗಿ ಕಾಣುವುದರಿಂದ, ಅವು ಸ್ಟುಡಿಯೋ ಚಿತ್ರಗಳಿಗಿಂತ ಹೆಚ್ಚು ವಿಶ್ವಾಸಾರ್ಹ.

ಇನ್ನೊಂದು ಸಂಗತಿಯನ್ನು ನಾವು ನೋಡಿಯೂ ನೋಡದೆ ಬಿಡುತ್ತೇವೆ. ದೊಡ್ಡ ಕುಟುಂಬಗಳ ಗುಂಪುಚಿತ್ರದ ಅಂಚಿನಲ್ಲಿ, ಒಡೆಯರ ಮಗುವನ್ನು ಕಂಕುಳಲ್ಲಿಟ್ಟುಕೊಂಡು ಅರ್ಧ ಮಾತ್ರ ಕಾಣುವಂತೆ ನಿಂತ ಹೆಂಗಸೊಬ್ಬಳು ಇರುವುದುಂಟು. ಮಗುವಿನ ಹೆಸರು ಎಲ್ಲರಿಗೂ ಗೊತ್ತು, ಆಕೆಯ ಹೆಸರು ಯಾರಿಗೂ ಗೊತ್ತಿಲ್ಲ. ಆ ಮನೆತನದ ಅಂತಸ್ತನ್ನು ಕೆತ್ತನೆಯ ಕುರ್ಚಿಗಿಂತ ಸ್ಪಷ್ಟವಾಗಿ ಹೇಳುವವಳು ಆಕೆಯೇ. ಆಕೆಯ ಸ್ವಂತ ಕುಟುಂಬಕ್ಕಾದರೋ ಒಂದು ಚಿತ್ರವೂ ಇರಲಾರದು. ತಮ್ಮ ಪೂರ್ವಜರ ಮುಖವನ್ನು ಆಕೆಯ ಮೊಮ್ಮಕ್ಕಳು ಬೇರೊಬ್ಬರ ಗೋಡೆಯ ಮೇಲೆ ಹುಡುಕಬೇಕಾಗಿದೆ.

ಚಿತ್ರದಿಂದ ಊಹಿಸಿದುದನ್ನು ಕ್ರಯಪತ್ರ, ಕಂದಾಯದ ರಸೀತಿ, ಶಾಲೆಯ ದಾಖಲಾತಿಗಳೊಡನೆ ತಾಳೆನೋಡುವುದು ಅವಶ್ಯಕ. ಚೌಕಟ್ಟನ್ನು ಬಿಚ್ಚಿ ರಟ್ಟಿನ ಹಿಂಬದಿಯನ್ನೂ ನೋಡಬೇಕು. ಸ್ಟುಡಿಯೋದ ಹೆಸರೂ ಊರೂ ಅಲ್ಲಿ ಅಚ್ಚಾಗಿರುವುದುಂಟು. ಓದುಗರಲ್ಲಿ ನನ್ನದೊಂದು ವಿನಂತಿ: ಮನೆಯಲ್ಲಿ ಹಿರಿಯರೊಬ್ಬರಾದರೂ ಇರುವಾಗಲೇ ಅವರ ಎದುರಿಗೆ ಆ ಚಿತ್ರಗಳನ್ನಿಟ್ಟು ಕೇಳಿ, ಪ್ರತಿಯೊಬ್ಬರ ಹೆಸರನ್ನೂ, ಅಂಚಿನಲ್ಲಿ ನಿಂತವಳ ಹೆಸರನ್ನೂ ಸಹ, ಮೆದುವಾದ ಪೆನ್ಸಿಲಿನಿಂದ ಹಿಂಬದಿಯಲ್ಲಿ ಬರೆದಿಡಿ. ಶಾಯಿಯಿಂದ ಬರೆಯಬೇಡಿ, ಅದು ಕಾಲಕ್ರಮದಲ್ಲಿ ಮುಂಬದಿಗೆ ಇಂಗಬಹುದು.