ಭದ್ರೆಯ ನಡುಗಡ್ಡೆಗಳು

ಮೆಡಿಟರೇನಿಯನ್ ಸಮುದ್ರದ ಗ್ರೀಕ್ ದ್ವೀಪಗಳ ನಡುವೆ ಪುಟ್ಟ ಹಡಗುಗಳು ವಸಂತದಿಂದ ಶರತ್ಕಾಲದವರೆಗೂ ಸಂಚರಿಸುತ್ತವೆ. ಮಹಾನೌಕೆಗಳು ಪ್ರವೇಶಿಸಲಾರದ ಕಿರುಕೊಲ್ಲಿಗಳಲ್ಲಿ ಲಂಗರು ಹಾಕಿ, ಬೆಳಗೊಂದು ದ್ವೀಪ, ಸಂಜೆಗೊಂದು ದ್ವೀಪವೆಂದು ಪ್ರವಾಸಿಗರನ್ನು ಸುತ್ತಿಸುತ್ತವೆ. ಅಂಥ ವಿಹಾರಕ್ಕೆ ಹಂಬಲಿಸುವ ಕುಟುಂಬಗಳು ದಾವಣಗೆರೆಯಲ್ಲಿಯೂ ಇಲ್ಲದಿಲ್ಲ. ಖರ್ಚಿನ ಲೆಕ್ಕ ಹಾಕಿ ಸುಮ್ಮನಾದವರಿಗೆ ಇಲ್ಲೊಂದು ಸಮಾಚಾರವಿದೆ: ಅವರ ಮನೆಯ ನಲ್ಲಿಗೆ ಬರುವ ನೀರು ತಾನೇ ಒಂದು ದ್ವೀಪಸಮೂಹವನ್ನು ಬಳಸಿಕೊಂಡು ಬಂದದ್ದು!

ಆ ದ್ವೀಪಗಳಿರುವುದು ತರೀಕೆರೆ ತಾಲೂಕಿನ ಲಕ್ಕವಳ್ಳಿಯ ಬಳಿ, ಭದ್ರಾ ಜಲಾಶಯದಲ್ಲಿ. ಅಲ್ಲಿಂದ ಹೊರಟ ಬಲದಂಡೆ ಕಾಲುವೆಯ ನೀರು ದಾವಣಗೆರೆಯ ಕುಂದವಾಡ ಕೆರೆಯನ್ನು ತುಂಬಿಸುತ್ತದೆ. ಊರಿಗೆ ಕುಡಿಯಲು ಒದಗುತ್ತದೆ. ಹರಿಹರಕ್ಕೂ ಈ ನೀರಿನ ಋಣ ತಪ್ಪಿದ್ದಲ್ಲ. ಅಣೆಕಟ್ಟೆಯನ್ನು ದಾಟಿದ ಭದ್ರೆ ಕೂಡಲಿಯಲ್ಲಿ ತುಂಗೆಯನ್ನು ಸೇರಿ, ಹೊನ್ನಾಳಿಯನ್ನು ಹಾದು, ಹರಿಹರೇಶ್ವರನ ಸನ್ನಿಧಿಯ ಮುಂದೆ ತುಂಗಭದ್ರೆಯಾಗಿ ಹರಿಯುತ್ತಾಳೆ.

ದಾವಣಗೆರೆಯಿಂದ ಹೊರಟವರು ಸೂಳೆಕೆರೆಯ ವಿಸ್ತಾರವನ್ನು ಕಣ್ತುಂಬ ನೋಡಿ, ಚನ್ನಗಿರಿ, ಭದ್ರಾವತಿಗಳನ್ನು ಹಾದು ಲಕ್ಕವಳ್ಳಿಯನ್ನು ಸೇರಬಹುದು. ಜಲಾಶಯವನ್ನು ಬಳಸಿಕೊಂಡಿರುವ ಅರಣ್ಯ ೧೯೯೮ರಲ್ಲಿ ಹುಲಿ ಯೋಜನೆಯ ವ್ಯಾಪ್ತಿಗೆ ಸೇರಿತು. ಸರ್ಕಾರಿ ಸಂಸ್ಥೆಯಾದ ಜಂಗಲ್ ಲಾಡ್ಜಸ್‌ನವರ ವಸತಿಗೃಹ ನೀರಿನ ಅಂಚಿನಲ್ಲಿಯೇ ಇದೆ. ಅಲ್ಲಿಂದ ಮೋಟಾರು ದೋಣಿ ಹೊರಡುತ್ತದೆ. ಬೇಸಿಗೆಯಲ್ಲಿ ಆನೆಗಳ ಹಿಂಡು ನೀರಿಗಿಳಿಯುವುದನ್ನೂ, ನೀರುನಾಯಿಗಳು ಮೀನಿಗಾಗಿ ಮುಳುಗೇಳುವುದನ್ನೂ ಅದೃಷ್ಟವಂತರು ದೋಣಿಯಲ್ಲಿ ಕುಳಿತೇ ಕಾಣಬಹುದು. ಹುಲಿಯ ಆಸೆ ಇಟ್ಟುಕೊಳ್ಳದಿರುವುದು ಲೇಸು.

ಇಲ್ಲಿನ ನಡುಗಡ್ಡೆಗಳು ಮುಳುಗಿದ ಕಣಿವೆಯ ಗುಡ್ಡಗಳ ನೆತ್ತಿಗಳು. ಏಜಿಯನ್ ಸಮುದ್ರದ ಬಹುಪಾಲು ದ್ವೀಪಗಳ ಹುಟ್ಟೂ ಹೆಚ್ಚುಕಡಿಮೆ ಹೀಗೆಯೇ. ಅಲ್ಲಿ ಮುಳುಗಿದ್ದು ಪರ್ವತಶ್ರೇಣಿ ಎಂಬುದಷ್ಟೇ ಭೇದ. ಆದರೆ ಮೆಡಿಟರೇನಿಯನ್ನಿನಲ್ಲಿ ಉಬ್ಬರವಿಳಿತ ಬಹಳ ಅಲ್ಪವಾದುದರಿಂದ ಅಲ್ಲಿನ ದಡಗಳು ಇದ್ದಲ್ಲಿಯೇ ಇರುತ್ತವೆ. ಭದ್ರೆಯ ದಡ ವರ್ಷವಿಡೀ ಅಲೆಯುತ್ತದೆ. ಜಲಾಶಯ ತುಂಬಿದಾಗ ನೀರಿನ ಮಟ್ಟ ೧೮೬ ಅಡಿ, ಸಂಗ್ರಹ ೭೧.೫ ಟಿ.ಎಂ.ಸಿ. ಆಗ ತಗ್ಗಿನ ನಡುಗಡ್ಡೆಗಳ ಸುಳಿವೇ ಇರುವುದಿಲ್ಲ. ಜನವರಿಯಲ್ಲಿ ಬೇಸಿಗೆಯ ಭತ್ತಕ್ಕೆಂದು ಕಾಲುವೆಗೆ ನೀರು ಬಿಟ್ಟ ಮೇಲೆ ಮಟ್ಟ ದಿನೇ ದಿನೇ ಇಳಿಯುತ್ತದೆ. ಕಲ್ಲು ಮಣ್ಣಿನ ಬರಿದಾದ ದಿಬ್ಬಗಳು ಒಂದೊಂದಾಗಿ ತಲೆಯೆತ್ತುತ್ತವೆ. ದಾವಣಗೆರೆಯ ಗದ್ದೆ ಕುಡಿದಷ್ಟೂ ಲಕ್ಕವಳ್ಳಿಯಲ್ಲಿ ದ್ವೀಪಗಳು ಹುಟ್ಟುತ್ತವೆ ಎಂದರೆ ಅತಿಶಯೋಕ್ತಿಯಲ್ಲ.

ಇದಕ್ಕಾಗಿಯೇ ಕಾದಿದ್ದಂತೆ ಬರುವುದು ನದಿ ರೀವ ಎಂಬ ಹಕ್ಕಿ. ಬೂದು ಮೈ, ಕಪ್ಪು ಟೋಪಿ ತೊಟ್ಟಂಥ ತಲೆ, ಹಳದಿ ಕೊಕ್ಕು, ಕವಲೊಡೆದ ನೀಳ ಬಾಲ. ನೀರಿನ ಮೇಲೆ ಹಾರುತ್ತ ಹಾರುತ್ತ ಕಲ್ಲು ಬಿದ್ದಂತೆ ಕೆಳಗೆರಗಿ ಮೀನಿನೊಡನೆ ಮೇಲೇಳುತ್ತದೆ. ಇದು ಗೂಡು ಕಟ್ಟುವ ಗೋಜಿಗೆ ಹೋಗುವುದಿಲ್ಲ. ಬರಿ ನೆಲದಲ್ಲಿ ಸಣ್ಣದೊಂದು ಗುಳಿ; ಅದರಲ್ಲಿ ಬೆಣಚುಕಲ್ಲಿನಂತೆ ತೋರುವ ಎರಡೋ ಮೂರೋ ಚುಕ್ಕೆಯ ಮೊಟ್ಟೆಗಳು. ಸುತ್ತಲೂ ನೀರಿರುವುದರಿಂದ ನರಿ ನಾಯಿಗಳ ಭಯ ಕಡಿಮೆ. ನದಿಗಳ ಮರಳುದಿಣ್ಣೆಗಳು ಹಾಳಾಗುತ್ತ ಬಂದು ಈ ಜಾತಿ ಇಂದು ಅಪಾಯಕ್ಕೆ ಸಿಲುಕಿದೆ. ಅದಕ್ಕೆ ಮನುಷ್ಯ ಕಟ್ಟಿದ ಜಲಾಶಯವೊಂದು ಆಸರೆಯಾದದ್ದು ವಿಚಿತ್ರವೇ ಸರಿ.

ದೋಣಿಯಲ್ಲಿ ಕುಳಿತವರ ಹೊಣೆ ಆರಂಭವಾಗುವುದು ಇಲ್ಲಿಯೇ. ‘ಅಣ್ಣಾ, ಇನ್ನೊಂದು ಸ್ವಲ್ಪ ಹತ್ತಿರಕ್ಕೆ ಬಿಡಿ, ಮಕ್ಕಳು ಫೋಟೋ ತೆಗೀತಾರೆ’ ಎಂಬ ಕೋರಿಕೆ ನಿರಪಾಯಕರವೆಂದು ತೋರಬಹುದು. ದೋಣಿ ತೀರ ಸಮೀಪಿಸಿದೊಡನೆ ಹಿಂಡೆಲ್ಲ ಕಿರುಚುತ್ತ ಮೇಲೇಳುತ್ತದೆ. ಏಪ್ರಿಲಿನ ನಡುಹಗಲಿನಲ್ಲಿ ತಾಯಿಯ ಮೈಯ ನೆರಳು ತಪ್ಪಿದ ಮೊಟ್ಟೆ ಬಿಸಿಲಿಗೆ ಬೆಂದುಹೋಗುವುದಕ್ಕೆ ಬಹಳ ಹೊತ್ತು ಬೇಕಿಲ್ಲ. ಕಾಗೆ ಹದ್ದುಗಳೂ ಸಮಯ ಕಾಯುತ್ತಿರುತ್ತವೆ. ಬೇಡವೆನ್ನುವ ದೋಣಿಯವನು ಒರಟನಲ್ಲ, ತಿಳಿದವನು. ಗ್ರೀಸಿನಲ್ಲಿ ಅಲೊನಿಸ್ಸೊಸ್ ದ್ವೀಪದ ಸುತ್ತಲಿನ ಸಮುದ್ರವನ್ನು ೧೯೯೨ರಲ್ಲಿ ರಾಷ್ಟ್ರೀಯ ಉದ್ಯಾನವಾಗಿ ಘೋಷಿಸಿ, ವಿರಳವಾದ ಮಾಂಕ್ ಸೀಲ್ ಪ್ರಾಣಿಗಳ ರಕ್ಷಣೆಗಾಗಿ ಪಿಪೇರಿ ಎಂಬ ದ್ವೀಪದ ಬಳಿಗೆ ವಿಹಾರದ ಹಡಗುಗಳು ಸುಳಿಯಕೂಡದೆಂದು ವಿಧಿಸಿದ್ದಾರೆ. ದೂರದಿಂದ ನೋಡಿ ಮರಳುವ ಆ ಪ್ರವಾಸಿಗರಿಗೆ ಅದರಿಂದ ವಿಹಾರದ ಸುಖವೇನೂ ಕುಂದಿಲ್ಲ.

ಎಲ್ಲವೂ ಪ್ರವಾಸಿಯ ಕೈಯಲ್ಲಿಲ್ಲವೆಂಬುದೂ ನಿಜ. ನೀರು ಅತಿಯಾಗಿ ಇಳಿದರೆ ನಡುಗಡ್ಡೆ ದಡಕ್ಕೆ ಕೂಡಿಕೊಂಡು ನರಿಗೆ ದಾರಿಯಾಗುತ್ತದೆ. ಮಳೆ ಅವಧಿಗೆ ಮುಂಚೆ ಸುರಿದರೆ ಮೊಟ್ಟೆಗಳು ಕೊಚ್ಚಿಹೋಗುತ್ತವೆ. ೨೦೨೩ರಲ್ಲಿ ಮುಂಗಾರು ಕೈಕೊಟ್ಟು ಜಲಾಶಯ ತುಂಬದೆ ಹೋದಾಗ ಕಾಲುವೆಯ ನೀರಿಗಾಗಿ ದಾವಣಗೆರೆಯಲ್ಲಿ ರೈತರು ಬೀದಿಗಿಳಿದರು. ಅಂಥ ವರ್ಷದಲ್ಲಿ ಹಕ್ಕಿಯ ಮಾತೆತ್ತುವುದಕ್ಕೂ ಸಂಕೋಚವಾದೀತು. ಆದರೂ ಒಂದೇ ನೀರನ್ನು ನಂಬಿದ ಎರಡು ಸಂಸಾರಗಳಲ್ಲಿ ಒಂದಕ್ಕೆ ಮಾತು ಬರುವುದಿಲ್ಲ ಎಂಬುದನ್ನು ಮರೆಯುವಂತಿಲ್ಲ.

ಹಕ್ಕಿಗಳನ್ನು ನೋಡಬೇಕೆನ್ನುವವರು ಮಾರ್ಚಿಯಿಂದ ಮೇ ತಿಂಗಳೊಳಗೆ, ಬೆಳಗಿನ ದೋಣಿಗೆ ಹೋಗುವುದು ಉತ್ತಮ. ದುರ್ಬೀನು ಜೊತೆಯಲ್ಲಿರಲಿ. ಜೂನ್ ಕಳೆದು ಮಲೆನಾಡಿನಲ್ಲಿ ಮಳೆ ಹಿಡಿದೊಡನೆ ಭದ್ರೆ ಕೆಂಪಗೆ ಉಬ್ಬಿ ಬರುತ್ತಾಳೆ. ರೆಕ್ಕೆ ಬಲಿತ ಮರಿಗಳು ಅಷ್ಟರಲ್ಲಿ ಹಾರಿಹೋಗಿರುತ್ತವೆ. ದಿಬ್ಬಗಳು ಒಂದರ ಹಿಂದೊಂದು ನೀರಿನಡಿ ಸೇರುತ್ತವೆ. ಅತ್ತ ದಾವಣಗೆರೆ, ಹರಿಹರಗಳ ಸೀಮೆಯಲ್ಲಿ ಭತ್ತದ ಸಸಿಮಡಿ ಮಾಡಲು ಕಾದ ರೈತರು ಜಲಾಶಯದ ಮಟ್ಟ ಇಂದೆಷ್ಟು ಅಡಿ ಏರಿತೆಂದು ಪತ್ರಿಕೆಯಲ್ಲಿ ಹುಡುಕುತ್ತಿರುತ್ತಾರೆ.